ಅಪ್ಪನ ಎದೆಗೆ ಬಂದ ಮೊದಲ ನೀರು

ನಾನು ಹುಟ್ಟಿ ಬೆಳೆದ ಮನೆಯಲ್ಲಿ ಬಾಗಿಲ ಹಿಂದೆ ಪೊರಕೆ ಇರುತ್ತಿರಲಿಲ್ಲ, ಕಬ್ಬಿಣದ ಒಂದು ಹಿಡಿ ಇರುತ್ತಿತ್ತು. ಮೊಣಕೈಯಷ್ಟು ಉದ್ದ, ಒಂದು ತುದಿಯಲ್ಲಿ ಚೌಕದ ತೂತು. ಹಾರಂಗಿ ನಾಲೆಯಿಂದ ನಮ್ಮೂರ ಗದ್ದೆಗಳಿಗೆ ನೀರು ಬಿಡುವ ತೂಬನ್ನು ಅದರಲ್ಲೇ ತಿರುಗಿಸಬೇಕು. ಅಪ್ಪ ಊರ ನೀರುಗಂಟಿ. ಯಾರ ಗದ್ದೆಗೆ ಮೊದಲು, ಯಾರ ಗದ್ದೆಗೆ ಆಮೇಲೆ, ಎಷ್ಟು ಹೊತ್ತು ಎಂದು ನೋಡಿಕೊಂಡು ನೀರು ಹಂಚುವುದು ಅವನ ಕೆಲಸ. ದೇವರ ಗಂಟೆ ಮುಟ್ಟಿದರೆ ಅವ್ವ ಬೈಯುತ್ತಿದ್ದಳು, ಹಿಡಿ ಮುಟ್ಟಿದರೆ ಅಪ್ಪ ಬೈಯುತ್ತಿದ್ದ. ಅವ್ವನ ಬೈಗುಳಕ್ಕೆ ನಾನು ಯಾವತ್ತೂ ಹೆದರಿದವಳಲ್ಲ.

ನಮ್ಮದು ಹಾಸನದ ಕಡೆಯಿಂದ ಬಂದು ಕುಶಾಲನಗರದ ಆಚೆ ಗದ್ದೆ ಮಾಡಿಕೊಂಡ ಕುಟುಂಬ. ಕೊಡಗು ಎಂದರೆ ಹೊರಗಿನವರಿಗೆ ಬೆಟ್ಟ, ಕಾಫಿ, ಮಂಜು. ನಮ್ಮ ಕಡೆ ನೆಲ ಸಮತಟ್ಟು, ಬಿಸಿಲು ಚುರುಕು, ಮಳೆ ಬೀಳುವುದು ನಮ್ಮ ತಲೆಯ ಮೇಲಲ್ಲ, ಮಾದಾಪುರ ಗಾಳಿಬೀಡಿನವರ ತಲೆಯ ಮೇಲೆ. ಅಲ್ಲಿ ಸುರಿದದ್ದು ಹೊಳೆಯಾಗಿ ಜಲಾಶಯಕ್ಕೆ ಬಂದು, ಅಲ್ಲಿಂದ ನಾಲೆಗೆ ಇಳಿದರೆ ಮಾತ್ರ ನಮಗೆ ಅನ್ನ. ಬೇಸಿಗೆಯಿಡೀ ನಾಲೆ ಒಣಗಿರುತ್ತಿತ್ತು. ನಾವು ಮಕ್ಕಳು ಅದರ ಒಳಗೇ ಲಗೋರಿ ಆಡುತ್ತಿದ್ದೆವು.

ನೀರು ಬಿಡುವ ದಿನ ಊರಿಗೆ ಊರೇ ಏರಿಯ ಮೇಲೆ ಸೇರುತ್ತಿತ್ತು. ಅವ್ವ ಅರಿಶಿನ, ಕುಂಕುಮ, ಎಲೆ ಅಡಿಕೆ, ಒಂದು ಚೂರು ಬೆಲ್ಲ ಹಿಡಿದು ಮುಂದೆ ನಿಲ್ಲುತ್ತಿದ್ದಳು. ನೀರಿಗಿಂತ ಮೊದಲು ಅದರ ಸದ್ದು, ಸದ್ದಿಗಿಂತ ಮೊದಲು ನೆನೆದ ಮಣ್ಣಿನ ವಾಸನೆ. ಆಮೇಲೆ ದೂರದಲ್ಲಿ ಕಂದು ನೊರೆ ಕಾಣುತ್ತಿತ್ತು. ಒಣಗಿದ ಎಲೆ, ತೆಂಗಿನ ಚಿಪ್ಪು, ಯಾರದೋ ಒಂಟಿ ಚಪ್ಪಲಿ, ದಿಕ್ಕೆಟ್ಟ ಕೇರೆಹಾವು, ಎಲ್ಲವನ್ನೂ ತಳ್ಳಿಕೊಂಡು ನೀರು ಬರುತ್ತಿತ್ತು. ಅಪ್ಪ ಆಗ ತೂಬಿನ ಹಿಡಿಯನ್ನು ಒಂದಿಷ್ಟೇ ತಿರುಗಿಸಿ ಕೈಬಿಡುತ್ತಿದ್ದ. ಜನ ಎಷ್ಟೇ ಗೋಗರೆದರೂ ಅಷ್ಟೇ. ಒಂದು ಬೀಡಿ ಸೇದಿ, ಕಿರುಗಾಲುವೆಯ ಉದ್ದಕ್ಕೂ ನಡೆದು ನೋಡಿ ಬಂದು, ಇನ್ನೊಂದಿಷ್ಟು. ಒಣಗಿ ಬಿರಿದ ಏರಿಗೆ ನೀರು ಒಂದೇ ಏಟಿಗೆ ನುಗ್ಗಿದರೆ ಏರಿ ಕಿತ್ತುಕೊಂಡು ಹೋಗುತ್ತದೆ ಎನ್ನುವುದು ಅವನ ವೇದ.

ಇನ್ನೊಂದು ಕಟ್ಟಳೆಯೂ ಇತ್ತು. ಮೊದಲ ನೀರು ಯಾರ ಗದ್ದೆಗೂ ಇಲ್ಲ. ಅದು ಕಾಲುವೆಯನ್ನು ತೊಳೆದುಕೊಂಡು ಕೊನೆಯ ಹಳ್ಳಕ್ಕೆ ಹೋಗಿ ಬೀಳಬೇಕು. ಆ ನೀರಿಗೆ ಯಾರೂ ಇಳಿಯುವಂತಿಲ್ಲ. ಗಾಜು, ಮುಳ್ಳು, ಹಾವು. ನನಗೆ ವರ್ಷಾ ವರ್ಷಾ ಒಂದೇ ಆಸೆ, ಆ ನೊರೆ ಬರುವಾಗ ಕಾಲುವೆಯ ನಡುವೆ ನಿಂತು ಕಾಲಿಗೆ ತಾಗಿಸಿಕೊಳ್ಳಬೇಕು. ಅಪ್ಪ ಒಮ್ಮೆಯೂ ಬಿಡಲಿಲ್ಲ. ಜಡೆ ಹಿಡಿದು ಹಿಂದಕ್ಕೆ ಎಳೆದದ್ದೂ ಉಂಟು.

"ಮೊದ್ಲ್ ನೀರು ಯಾರ್ದೂ ಅಲ್ಲ ಕಣವ್ವ. ಅದು ನಾಲೆ ತೊಳೆಯಾಕೆ ಬಂದಿರೋದು. ನಾಳೆ ಇಳಿಯೋವಂತೆ."

ನಾಳೆ ಇಳಿದರೆ ಅದು ಬರೀ ನೀರು. ನನಗೆ ಅದು ಬೇಕಾಗಿರಲಿಲ್ಲ.

ಇದನ್ನೆಲ್ಲ ಈಗ ನೆನೆಯಲು ಕಾರಣ ಅಪ್ಪನ ಎದೆ. ಅವ್ವ ತೀರಿಕೊಂಡ ಮೇಲೆ ಅಪ್ಪ ಅದೇ ಊರಲ್ಲಿರುವ ನಮ್ಮ ಮನೆಯಲ್ಲೇ ಇದ್ದಾನೆ. ನಾನು ಮನೆಯ ಮುಂದಿನ ಕೋಣೆಯಲ್ಲಿ ಬಟ್ಟೆ ಹೊಲಿಯುತ್ತೇನೆ. ನಮ್ಮ ಯಜಮಾನರು ಪ್ರವಾಸಿಗರನ್ನು ದುಬಾರೆಗೆ, ಮಡಿಕೇರಿಗೆ ಜೀಪಿನಲ್ಲಿ ಸುತ್ತಾಡಿಸುತ್ತಾರೆ. ಅಪ್ಪ ನನ್ನ ಮಿಶಿನ್ ಪಕ್ಕದ ಬೆಂಚಿನ ಮೇಲೆ ಕೂತು, ಬರುವ ಹೆಂಗಸರ ಊರು, ಮನೆತನ, ಗದ್ದೆ ಎಲ್ಲ ವಿಚಾರಿಸುತ್ತಾನೆ. ಕೆಲವರಿಗೆ ಅದು ಹಿಡಿಸುವುದಿಲ್ಲ. ಅವರಿಗಾಗಿ ನಾನು ಅಪ್ಪನನ್ನು ಎಬ್ಬಿಸಿದವಳಲ್ಲ.

ಈ ಬೇಸಿಗೆಯಲ್ಲಿ ಒಂದು ಬೆಳಿಗ್ಗೆ ಅಪ್ಪ ಆ ಬೆಂಚಿನಿಂದ ಎದ್ದು ನಿಂತು ಮತ್ತೆ ಕೂತ. ಮುಖ ಬೂದಿಯ ಹಾಗಿತ್ತು. ಎದೆಯ ನಡುವೆ ಕೈಯಿಟ್ಟು ಉಜ್ಜಿಕೊಳ್ಳುತ್ತಿದ್ದ.

"ಹಸಿದು ಹಲಸು, ಉಂಡು ಮಾವು ಅಂತಾರೆ. ನಾನು ರಾತ್ರಿ ಉಂಡು ಹಲಸು ತಿಂದೆ. ಗಾಳಿ ಹಿಡ್ಕಂಡೈತೆ. ಒಂದು ಸೋಡಾ ತರ್ಸು."

ಸೋಡಾ ಬಂತು, ಕುಡಿದ. ತೇಗು ಬರಲಿಲ್ಲ. ಜೀರಿಗೆ ಕಷಾಯ ಕಾಯಿಸಲು ಒಳಗೆ ಹೋದವಳು ಏನೋ ಅನ್ನಿಸಿ ಒಲೆ ಆರಿಸಿ ಹೊರಗೆ ಬಂದೆ. ಏಪ್ರಿಲ್ ಬಿಸಿಲಿನಲ್ಲಿ ಅಪ್ಪನ ಅಂಗಿ ತಣ್ಣಗೆ ಒದ್ದೆಯಾಗಿತ್ತು. ಅದು ಬಿಸಿಲ ಬೆವರಲ್ಲ ಎಂದು ಗೊತ್ತಾಗಲು ಡಾಕ್ಟರೇ ಬೇಕಿಲ್ಲ. ಎದುರಿನ ಆಟೋದಲ್ಲಿ ಕೂರಿಸಿ ಆಸ್ಪತ್ರೆಗೆ ಒಯ್ದೆ. ಎದೆಗೆ ತಂತಿ ಅಂಟಿಸಿ ಇಸಿಜಿ ತೆಗೆದರು. ಹೃದಯಾಘಾತ ಎಂದರು, ಮಾತ್ರೆ ಜಗಿಸಿದರು, ಮೈಸೂರಿಗೆ ಹೊರಡಿ ಎಂದರು. ಆಂಬುಲೆನ್ಸಿನಲ್ಲಿ ಅಪ್ಪ ನನ್ನ ಕೈ ಹಿಡಿದುಕೊಂಡಿದ್ದ. ಪಿರಿಯಾಪಟ್ಟಣ ದಾಟುವಾಗ ಕಿಟಕಿಯ ಕಡೆ ತಿರುಗಿ, ಹೊಗೆಸೊಪ್ಪಿನ ಸಸಿಗೆ ನೀರು ಸಾಲದು ಎಂದ. ಆಗ ನಾನು ಅತ್ತೆ.

ಮೈಸೂರಿನಲ್ಲಿ ಅಪ್ಪನನ್ನು ನೇರವಾಗಿ ಒಳಗೆ ಕರೆದುಕೊಂಡು ಹೋದರು. ಕೈಯ ರಕ್ತನಾಳದ ಮೂಲಕ ಸಣ್ಣ ನಳಿಕೆ ಕಳಿಸಿ, ಹೃದಯದ ಮುಚ್ಚಿಹೋದ ನಾಳದೊಳಗೆ ಬಲೂನು ಉಬ್ಬಿಸಿ, ಮತ್ತೆ ಮುಚ್ಚದಂತೆ ಸ್ಟೆಂಟ್ ಎನ್ನುವ ಜಾಲರಿ ಕೂರಿಸುತ್ತಾರೆ. ಪ್ರಜ್ಞೆ ತಪ್ಪಿಸುವುದಿಲ್ಲ. ಅಪ್ಪ ಎಚ್ಚರವಾಗೇ ಇದ್ದ. ಅದೇ ಆಮೇಲೆ ದೊಡ್ಡ ರಾಮಾಯಣಕ್ಕೆ ಕಾರಣವಾಯಿತು.

ಆದದ್ದು ಇಷ್ಟು. ನಾಳ ತೆರೆದು ರಕ್ತ ಮುಂದಕ್ಕೆ ಹರಿದ ಗಳಿಗೆಯಲ್ಲೇ ಅಪ್ಪನ ಹೃದಯದ ಬಡಿತ ಹದ ತಪ್ಪಿತು. ಅಲ್ಲಿಯವರೆಗೆ ಒಂದೇ ಸಮ ಕೂಗುತ್ತಿದ್ದ ಯಂತ್ರ ಬೇರೆ ಬಗೆಯಲ್ಲಿ ಕೂಗತೊಡಗಿತು. ಒಳಗಿದ್ದವರು ಮಾತು ನಿಲ್ಲಿಸಿ ಪರದೆಯ ಕಡೆ ನೋಡಿದರು. ಅಪ್ಪನಿಗೆ ಎದೆಯೊಳಗೆ ಏನೋ ಲೊಟಲೊಟ ಅಂದಂತಾಯಿತಂತೆ. ಸ್ವಲ್ಪ ಹೊತ್ತಿಗೆ ಅದು ತಾನಾಗಿ ಸರಿಹೋಯಿತು. ಡಾಕ್ಟರಮ್ಮ ಹೊರಗೆ ಬಂದು ಎಲ್ಲ ಚೆನ್ನಾಗಾಯಿತು ಎಂದರು, ನಾನು ಅವರ ಕೈ ಹಿಡಿದುಕೊಂಡೆ. ಜೊತೆಗೆ ಇನ್ನೊಂದು ಮಾತನ್ನೂ ಹೇಳಿದರು. ಇನ್ನೊಂದು ನಾಳವೂ ಬಹಳ ಕಿರಿದಾಗಿದೆ, ಅವರು ಸ್ವಲ್ಪ ಚೇತರಿಸಿಕೊಳ್ಳಲಿ, ಕೆಲವು ವಾರ ಬಿಟ್ಟು ಅದನ್ನೂ ತೆರೆಯಬೇಕು.

ಅಪ್ಪ ವಾರ್ಡಿಗೆ ಬಂದು ಮೊದಲು ಕೇಳಿದ್ದು ನೀರು. ಎರಡನೆಯದಾಗಿ ನನ್ನನ್ನು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದ.

"ತಪ್ಪು ಮಾಡವ್ರೆ ಕಣವ್ವ. ಒಣಗಿದ ಕಾಲ್ವೆಗೆ ಒಂದೇ ಏಟಿಗೆ ಬಿಟ್ಬುಟ್ರು. ಏರಿ ಬಿರಿತು. ನಂಗೆ ಒಳಗೇ ಗೊತ್ತಾಯ್ತು."

"ಸುಮ್ಕಿರಪ್ಪ. ಡಾಕ್ಟ್ರು ಕೇಳಿಸ್ಕೊಂಡಾರು."

"ಕೇಳಿಸ್ಕೊಳ್ಳಲಿ."

ಮಾರನೆಯ ಬೆಳಿಗ್ಗೆ ಆ ಡಾಕ್ಟರಮ್ಮ ಬಂದಾಗ ಅಪ್ಪ ನೇರವಾಗಿ ಅವರನ್ನೇ ಕೇಳಿಬಿಟ್ಟ. ನಾನು ನಾಚಿಕೆಯಿಂದ ಗೋಡೆ ನೋಡಿದೆ. ಆಕೆ ಸಿಟ್ಟಾಗಲಿಲ್ಲ. ಕುರ್ಚಿ ಎಳೆದುಕೊಂಡು ಕೂತರು.

"ಯಜಮಾನ್ರೆ, ಹೃದಯ ಬಡಿಯೋದು ಅದರೊಳಗೇ ಹುಟ್ಟೋ ಸಣ್ಣ ಕರೆಂಟಿನಿಂದ. ಆ ಕರೆಂಟು ಒಂದು ದಾರಿ ಹಿಡಿದು ಹೋಗುತ್ತೆ. ರಕ್ತ ಸಿಗದೆ ಒದ್ದಾಡ್ತಿರೋ ಭಾಗದಲ್ಲಿ ಅದು ದಾರಿ ತಪ್ಪುತ್ತೆ. ರಕ್ತ ತಟ್ಟನೆ ವಾಪಸ್ ಬಂದಾಗ್ಲೂ ಆ ಭಾಗ ಸ್ವಲ್ಪ ಹೊತ್ತು ಗಲಿಬಿಲಿ ಆಗುತ್ತೆ. ತನ್ನಷ್ಟಕ್ಕೆ ತಾನೇ ಬಡಿಯೋಕೆ ಶುರು ಮಾಡುತ್ತೆ. ನಿಮಗೆ ಆದದ್ದು ಅದು. ಎಷ್ಟೋ ಜನಕ್ಕೆ ಆಗುತ್ತೆ. ರಕ್ತ ಅಲ್ಲಿಗೆ ಮುಟ್ಟಿತು ಅನ್ನೋದಕ್ಕೆ ಅದೂ ಒಂದು ಗುರುತು."

"ನಿಧಾನಕ್ಕೆ ಬಿಡಬಹುದಿತ್ತಲ್ಲ?"

"ಅಲ್ಲಿ ತಡ ಮಾಡೋಕಾಗಲ್ಲ. ಒಂದೊಂದು ನಿಮಿಷಕ್ಕೂ ಮಾಂಸ ಸಾಯ್ತಾ ಹೋಗುತ್ತೆ. ಸತ್ತದ್ದು ಮತ್ತೆ ಬರಲ್ಲ."

"ಹಂಗಾದ್ರೆ ಇನ್ಮೇಲೆ ಬಡಿತ ಸರಿ ಇರ್ತದಾ?"

ಆಕೆ ತಟ್ಟನೆ ಹೂಂ ಎನ್ನಲಿಲ್ಲ. ಅದಕ್ಕೇ ನನಗೆ ಆಕೆಯ ಮೇಲೆ ನಂಬಿಕೆ ಬಂದದ್ದು. ನಾಳ ತೆರೆದ ಮೇಲೆ ಬಹಳ ಜನರಿಗೆ ಬಡಿತ ತಹಬಂದಿಗೆ ಬರುತ್ತದೆ. ಆದರೆ ಪೆಟ್ಟು ಬಿದ್ದ ಜಾಗದಲ್ಲಿ ಕಲೆ ಉಳಿಯುತ್ತದೆ, ಕರೆಂಟು ಅಲ್ಲಿ ಸುತ್ತು ಹೊಡೆಯಬಹುದು. ಕೆಲವು ತಿಂಗಳು ಕಾದು ನೋಡಬೇಕು. ಹೃದಯದ ಶಕ್ತಿ ಹಾಗೆಯೇ ಕಮ್ಮಿ ಉಳಿದರೆ, ಅಪಾಯದ ಬಡಿತ ಬಂದಾಗ ತಡೆಯುವ ಒಂದು ಯಂತ್ರವನ್ನು ಎದೆಯ ಚರ್ಮದ ಕೆಳಗೆ ಇಡಬೇಕಾಗಬಹುದು. ಇನ್ನೊಂದು ನಾಳ ಹಾಗೆಯೇ ಬಿಟ್ಟರೆ ಅಷ್ಟು ಭಾಗ ಹಸಿದೇ ಇರುತ್ತದೆ, ಮತ್ತೊಮ್ಮೆ ಆಘಾತವಾದರೆ ಈ ಹೃದಯ ತಡೆಯುವುದು ಕಷ್ಟ. ಇದಿಷ್ಟನ್ನೂ ಆಕೆ ಸಮಾಧಾನವಾಗಿ ಹೇಳಿ ಎದ್ದರು. ಅಪ್ಪ ಕೈಮುಗಿದ. ಆಕೆ ಬಾಗಿಲು ದಾಟುತ್ತಲೂ ನನ್ನ ಕಡೆ ತಿರುಗಿದ.

"ಇನ್ನೊಂದು ತೂಬು ಮುಟ್ಟಾಕೆ ನಾನು ಬಿಡಾಕಿಲ್ಲ."

ಕೋಣನ ಮುಂದೆ ಕಿನ್ನರಿ ಬಾರಿಸಿದಂತಾಯಿತು. ನಾನೂ ಬಾರಿಸುತ್ತಲೇ ಹೋದೆ. ಮನೆಗೆ ಬಂದ ಮೇಲೆ ಊಟಕ್ಕೆ ಕೂತಾಗ ಹೇಳಿದೆ, ಮಾತ್ರೆ ಕೊಡುವಾಗ ಹೇಳಿದೆ, ಹೊಲಿಗೆ ನಡುವೆ ದಾರ ಕಚ್ಚಿಕೊಂಡೂ ಹೇಳಿದೆ. ಅವನು ಹಿಡಿದ ಮೊಲಕ್ಕೆ ಮೂರೇ ಕಾಲು. ಮಾತ್ರೆಗಳನ್ನು ತಪ್ಪದೆ ನುಂಗುತ್ತಿದ್ದ, ಬೀಡಿ ಬಿಟ್ಟ, ಉಪ್ಪಿನಕಾಯಿ ಬಿಟ್ಟ. ಎರಡನೆಯ ಸ್ಟೆಂಟಿನ ಮಾತೆತ್ತಿದರೆ ಕಿವಿ ಕೇಳಿಸುತ್ತಿರಲಿಲ್ಲ. ಬೇರೆ ಹೊತ್ತಿನಲ್ಲಿ ಪಕ್ಕದ ಮನೆಯ ಕುಕ್ಕರ್ ಎಷ್ಟು ಸಲ ಕೂಗಿತು ಎಂದು ಹೇಳುವವನು.

ಹೊಸದೊಂದು ಚಾಳಿ ಅಂಟಿಕೊಂಡಿತ್ತು. ಬಲಗೈಯ ಎರಡು ಬೆರಳನ್ನು ಎಡಗೈಯ ಮಣಿಕಟ್ಟಿನ ಮೇಲೆ ಇಟ್ಟುಕೊಂಡು ಕೂರುವುದು. ನಾಡಿ ನೋಡಿಕೊಳ್ಳುವುದು. ಆಗಾಗ ಒಂದು ಬಡಿತ ತಪ್ಪುತ್ತಿತ್ತು, ಆಮೇಲೊಂದು ಜೋರಾಗಿ ಬಡಿಯುತ್ತಿತ್ತು. ಆಗ ಅವನ ಹುಬ್ಬು ಏರುತ್ತಿತ್ತು, ನನ್ನ ಮಿಶಿನ್ ನಿಲ್ಲುತ್ತಿತ್ತು. ಬೆಂಚಿನ ಮೇಲೆ ಕೂತರೂ ಹೆಂಗಸರ ಮನೆತನ ವಿಚಾರಿಸುವುದನ್ನು ಬಿಟ್ಟ. ಅಂಗಡಿ ಭಣಗುಟ್ಟಿತು. ಅಪ್ಪನ ತಲೆಹರಟೆಗೆ ಬೇಸತ್ತಿದ್ದವರೇ ಈಗ, ಯಾಕೆ ತಾತ ಮಾತಾಡಲ್ಲ ಎಂದು ಕೇಳತೊಡಗಿದರು.

ನೋಡಲು ಬಂದವರಿಗೆ ಬರವಿರಲಿಲ್ಲ, ಅವರ ಔಷಧಿಗಳಿಗೂ. ಕೇರಳದ ಕಡೆಯ ನೆರೆಮನೆಯಾಕೆ ಬೆಳ್ಳುಳ್ಳಿಯನ್ನು ಜೇನಿನಲ್ಲಿ ನೆನೆಸಿ ತಂದುಕೊಟ್ಟು, "ಚೇಚ್ಚಿ, ಬೆಳಿಗ್ಗೆ ಎದ್ದು ವೆರುಂ ವಯಟ್ಟಿಲ್ ಕೊಡಿ, ಖಾಲಿ ಹೊಟ್ಟೆಗೆ" ಎಂದಳು. ಅಪ್ಪನ ಹಳೆಯ ಗೆಳೆಯರೊಬ್ಬರು, ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದವರು, ರಾತ್ರಿ ಒಂದು ಸಣ್ಣ ಪೆಗ್ ಬ್ರಾಂದಿ ಹಾಕಿದರೆ ಯಾವ ಬ್ಲಾಕೂ ನಿಲ್ಲುವುದಿಲ್ಲ ಎಂದರು. ಅಪ್ಪ ಎಲ್ಲರ ಮಾತನ್ನೂ ಶ್ರದ್ಧೆಯಿಂದ ಕೇಳುತ್ತಿದ್ದ. ಕಲಿತು ಬಂದ ಡಾಕ್ಟರು ಒಬ್ಬರನ್ನು ಬಿಟ್ಟು. ಹೇಳಿಸಿಕೊಳ್ಳುವ ವಯಸ್ಸು ದಾಟಿದ ಅಪ್ಪನ ಮೇಲೆ ಸಿಟ್ಟು ಮಾಡುವುದು ಸುಲಭವಲ್ಲ, ಆದರೂ ನಾನು ಚೆನ್ನಾಗಿಯೇ ಮಾಡಿದೆ. ಒಂದು ದಿನ ಅರ್ಧ ಹೊಲಿದ ರವಿಕೆ ಬಿಸಾಡಿ ಎದ್ದುಹೋಗಿ ಹಿತ್ತಲಲ್ಲಿ ನಿಂತೆ. ಅಪ್ಪ ಸತ್ತುಹೋಗುತ್ತಾನೆ ಎನ್ನುವ ಹೆದರಿಕೆ ನನ್ನ ಬಾಯಲ್ಲಿ ಬೈಗುಳವಾಗಿ ಬರುತ್ತಿತ್ತು.

ಮೈಸೂರಿಗೆ ಹೋಗಬೇಕಾದ ದಿನ ಹತ್ತಿರ ಬಂತು. ದಿನಾ ಬೆಳಿಗ್ಗೆ ನಡೆಯಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಅಪ್ಪ ಟಾರು ರಸ್ತೆ ಬಿಟ್ಟು ನಾಲೆಯ ಏರಿಯ ಮೇಲೇ ನಡೆಯುತ್ತಿದ್ದ. ಒಬ್ಬನನ್ನೇ ಬಿಡಲು ಧೈರ್ಯವಿಲ್ಲದೆ ನಾನೂ ಹಿಂದೆ ಹೋಗುತ್ತಿದ್ದೆ. ನಾಲೆ ಒಣಗಿತ್ತು. ತಳದಲ್ಲಿ ನೀರಿನ ಬಾಟಲಿ, ಚಿಪ್ಸಿನ ಪೊಟ್ಟಣ, ಮುರಿದ ಕುರ್ಚಿ. ಅಪ್ಪ ನಿಧಾನವಾಗಿ ನಡೆಯುತ್ತ ಒಂದು ಕಡೆ ನಿಂತ. ಏರಿಯ ಒಳಮೈಯಲ್ಲಿ ಏಡಿ ಬಿಲವಿತ್ತು. ಚಪ್ಪಲಿಯ ತುದಿಯಿಂದ ಮಣ್ಣು ತಳ್ಳಿ ಅದನ್ನು ಮುಚ್ಚಲು ನೋಡಿದ. ತೂಬಿನ ಹಿಡಿ ಬೇರೆಯವರ ಮನೆ ಸೇರಿ ಎಷ್ಟೋ ಕಾಲವಾಗಿದೆ, ಕಾಲು ಮಾತ್ರ ಅಭ್ಯಾಸ ಬಿಟ್ಟಿಲ್ಲ.

ಆ ಏಡಿ ಬಿಲ ನೋಡಿದಾಗ ನನಗೆ ಆ ವರ್ಷ ನೆನಪಾಯಿತು.

ನಾನು ಪ್ರೈಮರಿ ಶಾಲೆಯಲ್ಲಿದ್ದೆ. ಮಳೆ ತಡವಾಗಿತ್ತು. ಬಾವಿಯ ನೀರು ಹೊತ್ತುಹಾಕಿ ಎಬ್ಬಿಸಿದ್ದ ಒಟ್ಲು, ಎಂದರೆ ನಾಟಿಗೆ ಬೆಳೆಸಿದ ಭತ್ತದ ಸಸಿಮಡಿ, ಊರಿನ ಎಲ್ಲರದೂ ಹಳದಿ ತಿರುಗಿತ್ತು. ಅಂತೂ ನಾಲೆಗೆ ನೀರು ಬಂತು. ಅಪ್ಪ ಹಿಡಿ ಸಿಕ್ಕಿಸಿ ಎಂದಿನಂತೆ ಒಂದಿಷ್ಟು ತಿರುಗಿಸಿದ. ಕಾಲುವೆಯ ಕೊನೆಯ ಕಡೆಯ ಒಟ್ಲುಗಳನ್ನು ನೋಡಿದ. ಹಾಗೆ ತಿರುಗಿಸಿದರೆ ಅಲ್ಲಿಗೆ ನೀರು ಮುಟ್ಟುವುದು ಮಾರನೆಯ ದಿನ. ಅವ್ವನ ಮುಖ ನೋಡಿದ. ಆಮೇಲೆ ಎರಡೂ ಕೈಯಲ್ಲಿ ಹಿಡಿ ಹಿಡಿದು, ತಿರುಗಿಸಿ ತಿರುಗಿಸಿ ತೂಬನ್ನು ಪೂರ್ತಿ ಎತ್ತಿಬಿಟ್ಟ. ಅವನ ವೇದವನ್ನು ಅವನೇ ಮುರಿದದ್ದನ್ನು ನಾನು ಕಂಡದ್ದು ಆಗಲೇ. ನೀರು ಗುಡುಗಿಕೊಂಡು ನುಗ್ಗಿತು. ಅಲ್ಲಲ್ಲಿ ಏಡಿ ಬಿಲಗಳಿಂದ ಏರಿ ಸೋರತೊಡಗಿತು. ಏರಿ ಹೋಯಿತು, ಏರಿ ಹೋಯಿತು ಎಂದು ಜನ ಎದೆ ಬಡಿದುಕೊಂಡರು. ಬಾಯಿಗೆ ಬಂದ ಬೈಗುಳವೆಲ್ಲ ಅಪ್ಪನಿಗೆ ಬಿತ್ತು. ಅವನು ಸನಿಕೆ ಹೆಗಲಿಗೆ ಹಾಕಿಕೊಂಡು, ಸೋರುವ ಕಡೆಗೆಲ್ಲ ಹುಲ್ಲು ಮಣ್ಣು ಒತ್ತುತ್ತ, ಒಂದೇ ಮಾತು ಹೇಳುತ್ತಿದ್ದ. ಅವ್ವ ಸೆರಗು ಕಟ್ಟಿ ಹುಲ್ಲು ತಂದು ಹಾಕುತ್ತಿದ್ದಳು. ನಾನೂ ಪುಟ್ಟ ಕೈಯಲ್ಲಿ ಮಣ್ಣು ಒತ್ತಿದೆ. ಮಧ್ಯಾಹ್ನದ ಹೊತ್ತಿಗೆ ಸೋರುವುದು ನಿಂತಿತು. ಎಲ್ಲ ಒಟ್ಲೂ ಉಳಿಯಲಿಲ್ಲ, ತೀರ ಒಣಗಿದ್ದು ಹೋಯಿತು. ಉಳಿದದ್ದರಲ್ಲಿ ಊರು ನಾಟಿ ಮಾಡಿತು. ಆ ವರ್ಷದ ಹೊಸ ಅಕ್ಕಿಯ ಪಾಯಸವನ್ನು ಜನ ನಮ್ಮ ಮನೆಗೆ ತಂದುಕೊಟ್ಟಿದ್ದರು. ಅವ್ವ ಅದನ್ನು ಹೇಳಿಕೊಂಡು ತಿರುಗಿದ್ದೇ ತಿರುಗಿದ್ದು.

ನಾನು ಏರಿಯ ಮೇಲೆ ಅಪ್ಪನ ಮುಂದೆ ಹೋಗಿ ನಿಂತೆ.

"ಅಪ್ಪ, ಒಟ್ಲು ಹಳದಿಗೆ ತಿರುಗಿದ ವರ್ಷ ನೀನು ತೂಬು ಎಷ್ಟೆತ್ತಿದ್ದೆ?"

ಅಪ್ಪ ಬಿಲ ಮುಚ್ಚುವುದನ್ನು ನಿಲ್ಲಿಸಿದ. "ಪೂರಾ ಎತ್ತಿದ್ದೆ."

"ಯಾಕೆ? ಒಂದಿಷ್ಟು ಎತ್ತಿ, ಬೀಡಿ ಸೇದ್ಕೊಂಡು ಬರಬಹುದಿತ್ತಲ್ಲ?"

"ಒಟ್ಲು ಸಾಯ್ತಾ ಇತ್ತು ಕಣವ್ವ. ಅವತ್ತು ಕಾಯೋಕಾಯ್ತದಾ?"

"ಹಂಗೇನೇ ನಿನ್ನ ಎದೇನೂ ಅವತ್ತು ಸಾಯ್ತಾ ಇತ್ತು. ಆ ಡಾಕ್ಟ್ರಮ್ಮ ಕಾಯ್ಬೇಕಾಗಿತ್ತಾ?"

ನಾನು ಅಷ್ಟಕ್ಕೇ ಬಿಡಲಿಲ್ಲ. ಬಿಡುವ ಜಾಯಮಾನ ನನ್ನದಲ್ಲ.

"ಏರಿ ಸೋರ್ತು ಅಂತ ಊರೆಲ್ಲ ನಿನ್ನ ಬೈದ್ರಲ್ಲ, ಆಗ ನೀನೊಂದು ಮಾತು ಹೇಳ್ತಾ ಇದ್ದೆ. ಏನದು?"

"ಬಿಡವ್ವ."

"ಹೇಳು."

"ನೀರು ಬರದ ಏರಿ ಸೋರಾಕಿಲ್ಲ ಅಂದೆ." ಅಷ್ಟು ಹೇಳಿ ಅಪ್ಪ ಏರಿಯ ಮೇಲಿನ ಕಲ್ಲಿನ ಮೇಲೆ ಕೂತ. ಎರಡು ಬೆರಳು ತಾವಾಗಿ ಮಣಿಕಟ್ಟಿಗೆ ಹೋದವು.

"ಅವ್ರೂ ಅದನ್ನೇ ಹೇಳಿದ್ದು. ರಕ್ತ ಮುಟ್ಟಿದ್ದಕ್ಕೇ ಬಡಿತ ಹಂಗಾಯ್ತು ಅಂತ. ನಿನ್ನ ಮಾತನ್ನೇ ನಿಂಗೆ ಹೇಳಿದ್ರೆ ಒಪ್ಪಾಕಿಲ್ಲ."

ಅಪ್ಪ ನಾಲೆಯ ಒಣ ತಳದ ಕಡೆ ತಿರುಗಿದ. ನಾನು ಗೆದ್ದೆ ಎಂದುಕೊಂಡಿದ್ದೆ. ಆಮೇಲೆ ಅವನು ಹೇಳಿದ್ದನ್ನು ನಾನು ನಿರೀಕ್ಷಿಸಿರಲಿಲ್ಲ.

"ನಾಲೆ ಸೋರಿದ್ರೆ ಹುಲ್ಲು ಮಣ್ಣು ಒತ್ತಬೋದು. ನಿಮ್ಮವ್ವ ಇದ್ಲು, ನೀನಿದ್ದೆ. ಇದು ಒಳಗೆ ಸೋರಿದ್ರೆ ನನ್ನ ಕೈ ಹೋಗಾಕಿಲ್ವಲ್ಲ. ಅವತ್ತು ಆ ಯಂತ್ರ ಕೂಗುವಾಗ ನಾನು ಅಂಗಾತ ಮಲಗಿದ್ದೆ. ಏನೂ ಮಾಡಾಕಾಗ್ದೆ ಮಲಗಿದ್ದೆ. ನಂಗೆ ಭಯ ಆಗ್ತದೆ ಕಣವ್ವ."

ಇಷ್ಟು ದಿನ ಹಟ ಎಂದುಕೊಂಡದ್ದು ಹಟವಾಗಿರಲಿಲ್ಲ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಹಾವು ತುಳಿದು ಬಂದರೂ ಹೇಳದೆ ಊಟಕ್ಕೆ ಕೂತಿದ್ದ ಮನುಷ್ಯ ಅವನು. ಅಪ್ಪನ ಬಾಯಲ್ಲಿ ಭಯ ಎನ್ನುವ ಮಾತನ್ನು ನಾನು ಕೇಳಿಯೇ ಇರಲಿಲ್ಲ. ಕಲ್ಲಿನ ಮೇಲೆ ಅವನ ಪಕ್ಕಕ್ಕೆ ಒತ್ತಿ ಕೂತೆ.

"ನಂಗೂ ಭಯ ಆಗ್ತದೆ ಅಪ್ಪ. ಬಾಗಿಲ ಹೊರಗೆ ನಿಂತಿರೋರಿಗೂ ಏನೂ ಮಾಡಾಕಾಗಲ್ಲ. ನಾನು ಬಾಗಿಲಲ್ಲೇ ಇರ್ತೀನಿ. ಅಷ್ಟೇ ನನ್ ಕೈಲಾಗೋದು."

ಅಪ್ಪ ಮೊಣಕಾಲಿಗೆ ಕೈಯೂರಿ ಎದ್ದ, ನಾವು ಮನೆಯ ಕಡೆ ನಡೆದೆವು. ದಾರಿಯಲ್ಲಿ ಹಿಂತಿರುಗಿ ನೋಡದೆಯೇ ಕೇಳಿದ.

"ನಾಲೆಗೆ ನೀರು ಬಿಡೋದ್ರೊಳಗೆ ಆಸ್ಪತ್ರೆಯೋರು ಮನೆಗೆ ಬಿಟ್ಟು ಕಳಿಸ್ತಾರಾ?"

ಎರಡನೆಯ ಸಲ ಒಳಗೆ ಹೋಗುವಾಗ ಅಪ್ಪ ನನ್ನನ್ನು ನೋಡಿ ತಲೆಯಾಡಿಸಿದ. ನಾನು ಮಾತು ಕೊಟ್ಟಂತೆ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ಕೂತೆ. ಅಲ್ಲಿ ಕೂರಬಾರದು, ಆ ಕಡೆ ಹೋಗಿ ಎಂದು ಸಿಬ್ಬಂದಿ ಹೇಳಿದಾಗಲೂ ಕಿವಿ ಕೇಳಿಸದವಳಂತಿದ್ದೆ. ಅಪ್ಪನ ಮಗಳು. ಅವನು ಹೊರಗೆ ಬಂದಾಗ ಹೇಗಿತ್ತು ಎಂದು ಕೇಳಿದೆ. ಈ ಸಲ ಏನೂ ಗೊತ್ತಾಗಲಿಲ್ಲ, ಒಂದೆರಡು ಸಲ ಗುಳಕ್ ಅಂದಿತು ಅಷ್ಟೆ ಎಂದ. ಹೇಳುವಾಗ ಸ್ವಲ್ಪ ನಿರಾಸೆಯಾದವನಂತೆ ಕಂಡ. ಈ ನಾಳ ಪೂರ್ತಿ ಕಟ್ಟಿರಲಿಲ್ಲವಲ್ಲ, ಆ ಭಾಗ ಅಷ್ಟು ಬಳಲಿರಲಿಲ್ಲ ಎಂದು ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದರು.

ಆಮೇಲಿನ ವಾರಗಳಲ್ಲಿ ತಪ್ಪುವ ಬಡಿತಗಳು ಅಪರೂಪವಾದವು. ಪೂರ್ತಿ ಹೋಗಲಿಲ್ಲ. ಎದೆಗೆ ಪುಟ್ಟ ಪೆಟ್ಟಿಗೆ ಕಟ್ಟಿ ಒಂದು ಹಗಲು ಒಂದು ರಾತ್ರಿಯ ಬಡಿತವನ್ನು ಹಿಡಿದು ನೋಡಿದರು. ಅಪ್ಪ ಆ ಪೆಟ್ಟಿಗೆಯನ್ನು ಅಂಗಡಿಗೆ ಬಂದ ಹೆಂಗಸರಿಗೆಲ್ಲ ಅಂಗಿ ಎತ್ತಿ ತೋರಿಸಿದ. ಜುಲೈ ನಡುವೆ ಮತ್ತೆ ಪರೀಕ್ಷೆಗೆ ಹೋದಾಗ ಹೃದಯದ ಶಕ್ತಿ ಚೇತರಿಸಿಕೊಂಡಿದೆ, ಯಂತ್ರ ಇಡುವ ಮಾತು ಬೇಕಾಗಿಲ್ಲ ಎಂದರು. ಕಲೆ ಇದ್ದೇ ಇದೆ, ಮಾತ್ರೆ ನಿಲ್ಲಿಸಬೇಡಿ, ತಲೆಸುತ್ತು ಬಂದರೆ ತಡ ಮಾಡದೆ ಬನ್ನಿ ಎಂದೂ ಹೇಳಿದರು. ನಾನು ಆಸ್ಪತ್ರೆಯ ಮೆಟ್ಟಿಲಲ್ಲೇ ಕೂತು ಅತ್ತೆ. ಅಪ್ಪ, ಎಲ್ಲ ಸರಿಯಾದ ಮೇಲೆ ಅಳುವವಳು ನೀನೊಬ್ಬಳೇ ಎಂದು ಬೈದ.

ಮೈಸೂರಿನಿಂದ ಬಂದ ಕೆಲವೇ ದಿನಕ್ಕೆ ನಾಲೆಗೆ ನೀರು ಬಿಡುತ್ತಾರೆ ಎಂದು ಸುದ್ದಿ ಬಂತು. ಈಗ ಊರಿಗೆ ಊರೇನೂ ಸೇರುವುದಿಲ್ಲ. ಎಷ್ಟೋ ಗದ್ದೆ ಸೈಟುಗಳಾಗಿವೆ, ಉಳಿದ ಕಡೆ ಶುಂಠಿ, ಜೋಳ. ನಾಲ್ಕಾರು ಜನ ಏರಿಯ ಮೇಲಿದ್ದರು. ನಮ್ಮ ಯಜಮಾನರು ಅಪ್ಪನಿಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಟ್ಟರು. ಅವ್ವನಂತೆ ನಾನೂ ಅರಿಶಿನ, ಕುಂಕುಮ, ಎಲೆ ಅಡಿಕೆ, ಒಂದು ಚೂರು ಬೆಲ್ಲ ಹಿಡಿದಿದ್ದೆ. ಅವ್ವನ ತಟ್ಟೆಯೇ. ಅವಳು ನಿಲ್ಲುತ್ತಿದ್ದ ಜಾಗದಲ್ಲೇ ನಿಂತಾಗ ಅವಳು ಇರಬೇಕಿತ್ತು ಎಂದು ಬಹಳ ಅನ್ನಿಸಿತು. ತೂಬು ಎತ್ತಿದರು. ವಾಸನೆ ಬಂತು, ಸದ್ದು ಬಂತು, ಆಮೇಲೆ ಅದೇ ಕಂದು ನೊರೆ ಕಿರುಗಾಲುವೆಯ ತಿರುವಿನಲ್ಲಿ ಕಾಣಿಸಿತು. ತೆಂಗಿನ ಚಿಪ್ಪಿಗಿಂತ ಬಾಟಲಿಗಳೇ ಹೆಚ್ಚು.

"ಇಳಿಯವ್ವ," ಎಂದ ಅಪ್ಪ.

ನಾನು ತಿರುಗಿ ನೋಡಿದೆ.

"ಗಾಜು ಮುಳ್ಳು ಇರ್ತದೆ, ಚಪ್ಪಲಿ ಬಿಡಬ್ಯಾಡ. ಅಂಚಲ್ಲೇ ನಿಂತ್ಕೋ. ಇಳಿ, ಹೋಯ್ತದೆ ಅದು."

ಮಕ್ಕಳ ತಾಯಿ ನಾನು, ತಲೆ ಅರ್ಧ ನರೆತಿದೆ. ತಟ್ಟೆಯನ್ನು ಯಜಮಾನರ ಕೈಗೆ ಕೊಟ್ಟು, ಸೀರೆ ಎತ್ತಿ ಕಟ್ಟಿ ಇಳಿದೆ. ನೊರೆ ಬಂದು ಕಾಲಿಗೆ ಹೊಡೆಯಿತು. ತಣ್ಣಗಿತ್ತು, ಕೊಳಕಾಗಿತ್ತು, ಕಸ ಕಾಲಿಗೆ ಸುತ್ತಿಕೊಂಡಿತು. ನೀರು ಕಣಕಾಲಿನಿಂದ ಮೇಲೇರಿ ನನ್ನನ್ನು ಒಂದು ಹೆಜ್ಜೆ ನೂಕಿತು. ನಾನು ಬೀಳದಂತೆ ನಿಂತು ಏರಿಯ ಕಡೆ ನೋಡಿದೆ. ಅಪ್ಪ ಕುರ್ಚಿಯಿಂದ ಎದ್ದಿದ್ದ. ಇಷ್ಟು ತಿಂಗಳು ಅವನದೇ ಮಣಿಕಟ್ಟನ್ನು ಹಿಡಿದು ಕೂತಿದ್ದ ಕೈ ಅದನ್ನು ಬಿಟ್ಟು, ನನ್ನನ್ನು ಹಿಡಿದುಕೊಳ್ಳಲು ಮುಂದಕ್ಕೆ ಚಾಚಿತ್ತು.